ಮೂರು ತಲೆ, ಒಂದು ಲೈಟರು

ಓರ್ವಿಲ್ ಡೈಕ್ ಸಿಗರೇಟು ಬಿಟ್ಟು ಎಲೆಕ್ಟ್ರಾನಿಕ್ ಸಿಗರೇಟು ಹಿಡಿದದ್ದು ಸೋಮವಾರ. ಮಂಗಳವಾರ ಬೆಳಿಗ್ಗೆ ಹತ್ತರೊಳಗೆ ಅದರ ಅಡ್ಡ ಪರಿಣಾಮಗಳೆಲ್ಲ ಶುರುವಾದವು. ಬಾಯಿ ಒಣಗಿತು, ತಲೆ ಸಿಡಿಯಿತು, ಹಳೆಯ ಕೆಮ್ಮು ಹಾಗೆಯೇ ಉಳಿಯಿತು. ಇವನ್ನೆಲ್ಲ ಡಬ್ಬಿಯ ಮೇಲೆ ಬರೆದಿದ್ದರು. ಬರೆಯದೆ ಬಿಟ್ಟಿದ್ದ ಒಂದು ಮಾತ್ರ ಹಿಂಬಾಗಿಲಲ್ಲಿ ಕಾದಿತ್ತು.

ವಿನ್ನಿಪೆಗ್‌ನಲ್ಲಿ ಅವನು ಕೆಲಸಕ್ಕಿದ್ದ ಲಾಂಡ್ರಿಯಲ್ಲಿ ಹೋಟೆಲುಗಳ ಬಟ್ಟೆ ಒಗೆಯುತ್ತಿದ್ದರು. ದಿನಕ್ಕೆರಡು ಸಲ, ಮೂಗು ಉದುರುವ ಚಳಿಯಲ್ಲಿ, ಹಿಂಬಾಗಿಲಾಚೆ ಮೂವರು ಸೇರುತ್ತಿದ್ದರು: ಓರ್ವಿಲ್, ಇಸ್ತ್ರಿ ಯಂತ್ರದ ಬೊಹ್ಡಾನ್, ಬಟ್ಟೆ ಮಡಿಸುವ ನೆನೀಟಾ. ಆ ಗಾಳಿಗೆ ಹೊತ್ತುತ್ತಿದ್ದುದು ಬೊಹ್ಡಾನನ ಲೈಟರೊಂದೇ. ಅದಕ್ಕೂ ಆರು ಕೈ ಅಡ್ಡ ಹಿಡಿದು, ಮೂರು ತಲೆ ಒಟ್ಟಿಗೆ ಬಗ್ಗಬೇಕು. ಹೆಂಡತಿ ವಿಲ್ಮಾ ಏಪ್ರಿಲಿನಲ್ಲಿ ತೀರಿಕೊಂಡ ಮೇಲೆ ಇನ್ನೊಂದು ಮುಖ ಓರ್ವಿಲ್‌ನ ಅಷ್ಟು ಹತ್ತಿರ ಬರುತ್ತಿದ್ದುದು ಆಗ ಮಾತ್ರ. ಮನೆಯಲ್ಲಿ ರೇಡಿಯೊ ಹವಾಮಾನ ಹೇಳುತ್ತಿತ್ತು, ಅವನು ಹೂಂಗುಟ್ಟುತ್ತಿದ್ದ.

ಸಿಗರೇಟು ಬಿಡು ಎಂದು ವಿಲ್ಮಾ ಇಪ್ಪತ್ತು ವರ್ಷ ಹೇಳಿದ್ದಳು. ಈಗ ಅವನು ಅರ್ಧ ಮಾತನ್ನಾದರೂ ನಡೆಸಿಕೊಡಲು ಹೊರಟಿದ್ದ.

"ಏನಯ್ಯಾ ಅದು, ಪೀಪಿಯಾ?" ಎಂದ ಬೊಹ್ಡಾನ್.

ಓರ್ವಿಲ್ ಎಳೆದು ಬಿಟ್ಟ. ಮಾವಿನ ಹಣ್ಣಿನ ಮೋಡವೊಂದು ಮೂವರನ್ನೂ ಮುಚ್ಚಿತು.

"ಓರ್ವಿಲಣ್ಣ, ಮನಿಲಾ ಬಿಟ್ಟು ಹದಿನೆಂಟು ವರ್ಷ ಆಯ್ತು. ಈ ವಾಸನೆಗೆ ಅಳು ಬರುತ್ತೆ ನಂಗೆ. ಸ್ವಲ್ಪ ಆ ಕಡೆ ನಿಂತ್ಕೋ," ಎಂದಳು ನೆನೀಟಾ.

ಅವನು ಆ ಕಡೆ ನಿಂತ. ಲೈಟರಿಗೆ ಎರಡೇ ತಲೆ ಬಗ್ಗಿದವು. ಅವನ ಪೀಪಿಗೆ ಬೆಂಕಿ ಬೇಕಿರಲಿಲ್ಲ.

ಅದು ಮನಸ್ಸಿಗೆ ನಾಟಿತು. ಒಳಗೆ ಬಂದು ಉಗ್ರಾಣದ ಬಾಗಿಲು ಹಾಕಿಕೊಂಡು, ಟವೆಲುಗಳ ರಾಶಿಯ ನಡುವೆ ಕೂತು ರೈಲಿನ ಹಾಗೆ ಹೊಗೆ ಬಿಟ್ಟ. ಯಂತ್ರಗಳು ವರ್ಷವಿಡೀ ಹಬೆ ಕಾರಿದರೂ ಕಣ್ಣು ಬಿಡದ ಬೆಂಕಿ ಗಂಟೆ, ಈ ಮೋಡ ತಗುಲಿದ್ದೇ ತಡ, ಕಳ್ಳನನ್ನು ಕಂಡ ಬಾತುಕೋಳಿಯಂತೆ ಅರಚಿಕೊಂಡಿತು.

ಅರವತ್ತು ಜನ ಕೋಟಿಲ್ಲದೆ ಹಿಮದಲ್ಲಿ ಸಾಲಾಗಿ ನಿಂತರು. ಓಡುವ ಗಡಿಬಿಡಿಯಲ್ಲಿ ಓರ್ವಿಲ್ ಪೀಪಿಯನ್ನು ಬಾಯಿ ತೆರೆದಿದ್ದ ಒಗೆಯುವ ಯಂತ್ರಕ್ಕೆ ಎಸೆದಿದ್ದ. ಮಧ್ಯಾಹ್ನದೊಳಗೆ ಅದು ಹೋಟೆಲಿನ ಟವೆಲುಗಳ ಜೊತೆ ಸೋಪುನೀರಿನಲ್ಲಿ ಪ್ರಾಣ ಬಿಟ್ಟಿತು.

ಉಗ್ರಾಣದಲ್ಲಿ ಮಾವಿನ ವಾಸನೆ ಹಿಡಿದ ಮೇಲ್ವಿಚಾರಕಿ ಗ್ಲೆಂಡಾ ಒಬ್ಬೊಬ್ಬರನ್ನೇ ಮೂಸುತ್ತ ಬಂದಳು. ಕೆಲಸ ಹೋದೀತೆಂದು ಓರ್ವಿಲ್‌ಗೆ ಭಯವಿರಲಿಲ್ಲ. ಕೆಲಸದ ಜೊತೆ ಹಿಂಬಾಗಿಲೂ ಹೋದೀತೆಂಬ ಭಯ. ಅವಳು ಅವನೆದುರು ನಿಂತಳು.

"ಅದು ನಾನು ತಿಂದ ಮಾವಿನ ಜಾಮು, ಗ್ಲೆಂಡಾ," ಎಂದಳು ಪಕ್ಕದಲ್ಲಿದ್ದ ನೆನೀಟಾ.

ನನಗೂ ಕೊಟ್ಟಿದ್ದಳು ಎಂದು ಬೊಹ್ಡಾನ್ ದನಿಗೂಡಿಸಿದ. ಗ್ಲೆಂಡಾ ನಂಬಲಿಲ್ಲ. ಆದರೆ ಅಷ್ಟರಲ್ಲಿ ಅವಳ ಮೂಗು ಚಳಿಗೆ ಸತ್ತಿತ್ತು.

ಊಟದ ಬಿಡುವಿನಲ್ಲಿ ಓರ್ವಿಲ್ ಹಿಮ ತುಳಿಯುತ್ತ ಪೆಟ್ರೋಲ್ ಬಂಕಿಗೆ ಹೋಗಿ ತನ್ನ ಹಳೆಯ ಸಿಗರೇಟಿನ ಪ್ಯಾಕು ಕೊಂಡ. ದಾರಿಯಲ್ಲಿ ವಿಲ್ಮಾಳ ಕ್ಷಮೆ ಕೇಳಿದ.

ಮೂರು ಗಂಟೆಗೆ ಹಿಂಬಾಗಿಲ ಅಂಗಳದಲ್ಲಿ ಬೊಹ್ಡಾನ್, ನೆನೀಟಾ ಇಬ್ಬರೂ ನಗುತ್ತ ಕಾದಿದ್ದರು. ಇಬ್ಬರ ಕೈಯಲ್ಲೂ ಒಂದೊಂದು ಪೀಪಿ.

"ನಿನ್ನೊಬ್ಬನ್ನೇ ದೂರ ನಿಲ್ಲಿಸಿದ್ದು ತಪ್ಪಾಯ್ತು ಕಣಯ್ಯಾ. ಊಟಕ್ಕೆ ಬಿಟ್ಟಾಗ ನಾವೂ ತಗೊಂಡ್ವಿ. ನಂದು ಕಲ್ಲಂಗಡಿ," ಎಂದ ಬೊಹ್ಡಾನ್.

"ನಂದು ಮಾವು," ಎಂದಳು ನೆನೀಟಾ. "ಅಳು ಬಂದ್ರೆ ಬರ್ಲಿ."

ಓರ್ವಿಲ್ ಜೇಬಿನಿಂದ ಪ್ಯಾಕು ತೆಗೆದು ತೋರಿಸಿದ.

ಗೋಡೆಯ ಬಳಿ ಗ್ಲೆಂಡಾ ಹೊಸ ಸೂಚನೆ ಅಂಟಿಸುತ್ತಿದ್ದಳು. ಇನ್ನು ಮೇಲೆ ಎಲೆಕ್ಟ್ರಾನಿಕ್ ಸಿಗರೇಟಿನವರು ಅಂಗಳದ ಪೂರ್ವ ತುದಿಯ ಬಾಗಿಲಿಗೆ, ಬೆಂಕಿಯ ಸಿಗರೇಟಿನವರು ಪಶ್ಚಿಮ ತುದಿಯ ಬಾಗಿಲಿಗೆ. ಮತ್ತೆ ಗಂಟೆ ಹೊಡೆದರೆ ಯಾರನ್ನು ಹಿಡಿಯಬೇಕೆಂದು ಅವಳಿಗೆ ಗೊತ್ತಾಗಬೇಕಲ್ಲ. ಓರ್ವಿಲ್‌ನ ಕೈಯಲ್ಲಿದ್ದ ಪ್ಯಾಕು ನೋಡಿ, "ನೀನು ಪಶ್ಚಿಮ, ನಡಿ," ಎಂದಳು.

ಪಶ್ಚಿಮದ ಬಾಗಿಲಾಚೆ ಯಾರೂ ಇರಲಿಲ್ಲ. ಓರ್ವಿಲ್ ಸಿಗರೇಟು ತುಟಿಗಿಟ್ಟು ಜೇಬು ತಡಕಿದ. ಇಷ್ಟು ವರ್ಷದಲ್ಲಿ ಅವನು ಸ್ವಂತಕ್ಕೊಂದು ಲೈಟರು ಇಟ್ಟುಕೊಂಡವನೇ ಅಲ್ಲ. ಅಂಗಳದ ಆ ತುದಿಯಲ್ಲಿದ್ದ ಬೊಹ್ಡಾನನಿಗೆ ಕೂಗಿ ಲೈಟರು ಕೇಳಿದ.

"ಪೀಪಿ ಅಂಗಡಿಯವನಿಗೇ ಕೊಟ್ಬಿಟ್ನಲ್ಲೋ," ಬೊಹ್ಡಾನ್ ಕೂಗಿದ. "ಇನ್ಯಾಕೆ ಬೇಕು ಅಂತ."

ಗಾಳಿ ಅವರ ಕಡೆಯಿಂದ ಬೀಸುತ್ತಿತ್ತು. ಮೊದಲು ಕಲ್ಲಂಗಡಿ ಬಂತು, ಹಿಂದೆಯೇ ಮಾವು. ಓರ್ವಿಲ್ ಹೊತ್ತದ ಸಿಗರೇಟಿಗೆ ಎರಡೂ ಕೈ ಅಡ್ಡ ಹಿಡಿದು, ತಲೆ ಬಗ್ಗಿಸಿ, ಬಿಡುವಿನ ಹತ್ತು ನಿಮಿಷವೂ ಹಾಗೇ ನಿಂತಿದ್ದ.