ಸನ್ಮಾನದ ಕೌದಿ

ಈ ದೀಪಾವಳಿಗೆ ತಾನು ಹೊಲಿಯುವ ಕೌದಿಯನ್ನು ನೋಡಿ ಅರಸೀಕೆರೆಯ ಹೆಂಗಸರೆಲ್ಲ ತಮ್ಮ ಮನೆ ಪರದೆ ಕಿತ್ತು ಮುಖ ಮುಚ್ಚಿಕೊಳ್ಳಬೇಕು ಎಂದು ದ್ರಾಕ್ಷಾಯಣಿ ಘೋಷಿಸಿದಾಗ, ಗಂಡ ಮರುಳಪ್ಪ ಮೇಷ್ಟ್ರು ಪೇಪರಿನ ಹಿಂದಿನಿಂದ "ಹೂಂ" ಎಂದರು. ಈ "ಹೂಂ" ಮುಂದೆ ಎಷ್ಟು ದುಬಾರಿಯಾಗಲಿದೆ ಎಂಬುದು ಆ ಹೆಡ್‌ಮಾಸ್ಟರಿಗೆ ಹೊಳೆಯಲಿಲ್ಲ.

ನಡುಮನೆಯ ಪಕ್ಕದ ಪುಟ್ಟ ಕೋಣೆಯಲ್ಲಿ ಒಂದು ಕಾಲದಲ್ಲಿ ರಾಗಿ ಮೂಟೆಗಳಿದ್ದವು. ದ್ರಾಕ್ಷಾಯಣಿ ಅವನ್ನು ಮಂಚದಡಿಗೆ ಗಡೀಪಾರು ಮಾಡಿ, ಹೊಲಿಗೆ ಮೆಷಿನ್ ತಂದಿಟ್ಟು ಕೋಣೆಗೆ ‘ಹೊಲಿಗೆಮನೆ’ ಎಂದು ನಾಮಕರಣ ಮಾಡಿದ್ದಳು. ಅಂದಿನಿಂದ ಆ ಮನೆಯಲ್ಲಿ ಋತುಗಳು ಆಕಾಶದಲ್ಲಿ ಬದಲಾಗುವ ಮೊದಲೇ ಕಿಟಕಿಯಲ್ಲಿ ಬದಲಾಗುತ್ತಿದ್ದವು. ಯುಗಾದಿಗೆ ಮಾವಿನೆಲೆಯ ಪರದೆ, ಗೌರಿಹಬ್ಬಕ್ಕೆ ಹಸಿರು ದಿಂಬು. ಗ್ಯಾಸ್ ಸಿಲಿಂಡರಿಗೂ ಹಬ್ಬಕ್ಕೊಂದು ಅಂಗಿ! ಹೋದ ವರ್ಷ ಹೊಲಿದ ಮಾವಿನಕಾಯಿ ಮಾದರಿಯ ಕೌದಿಯನ್ನು ನೋಡಿದವರೆಲ್ಲ ಬದನೆಕಾಯಿ ಚೆನ್ನಾಗಿ ಬಂದಿದೆ ಎಂದು ಹೊಗಳಿದ್ದರು. ಆ ಗಾಯ ಇನ್ನೂ ಹಸಿಯಾಗಿತ್ತು.

ಮಹಿಳಾ ಸಮಾಜದವರು ವರ್ಷವರ್ಷ ದೀಪಾವಳಿ ಅಲಂಕಾರ ಸ್ಪರ್ಧೆ ನಡೆಸುತ್ತಿದ್ದರು. ಗೆದ್ದವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಿದ್ದರು. ದ್ರಾಕ್ಷಾಯಣಿಗೆ ಬೇಕಾಗಿದ್ದದ್ದು ಆ ಶಾಲು. ಮನೆಯಲ್ಲಿ ಶಾಲಿಗೆ ಬರವಿತ್ತೆಂದಲ್ಲ. ಕಣ್ಣಿನ ಶಿಬಿರವಿರಲಿ, ಕಬಡ್ಡಿ ಪಂದ್ಯವಿರಲಿ, ಕರೆದ ಕಡೆಗೆಲ್ಲ ಮರುಳಪ್ಪನವರು ಹೋಗುತ್ತಿದ್ದರು. ಹೋದ ಕಡೆಯಲ್ಲೆಲ್ಲ ಸನ್ಮಾನ. ಅವರು ಹೊದ್ದು ಬಂದ ಶಾಲುಗಳನ್ನು ಮಡಿಸಿ, ನುಸಿಗುಳಿಗೆ ಇಟ್ಟು ಟ್ರಂಕಿಗೆ ತುಂಬುವ ಭಾಗ್ಯ ಮಾತ್ರ ಹೆಂಡತಿಯದು. ಅಷ್ಟು ಶಾಲುಗಳಲ್ಲಿ ಒಂದರ ಎಳೆಯೂ ಆಕೆಯ ಹೆಗಲನ್ನು ಸೋಕಿರಲಿಲ್ಲ.

ಈ ಸಲದ ಮಾದರಿ ಸಿಕ್ಕಿದ್ದು ಹಳೇಬೀಡಿನಲ್ಲಿ. ಸಮಾಜದ ಪ್ರವಾಸದಲ್ಲಿ ಉಳಿದವರು ಗೋಡೆಯ ಶಿಲ್ಪ ನೋಡುತ್ತಿದ್ದರೆ ಈಕೆ ದೇವಸ್ಥಾನ ನಿಂತ ಜಗಲಿಯ ಅಂಚನ್ನೇ ನೋಡುತ್ತ, ಬಗ್ಗಿಕೊಂಡು ಸುತ್ತು ಹಾಕಿದ್ದಳು. ಮೂಲೆ, ಮತ್ತೊಂದು ಮೂಲೆ, ಇನ್ನೂ ಒಂದು ಮೂಲೆ, ಕಲ್ಲಿನಲ್ಲೇ ನಕ್ಷತ್ರ! ಕಾವಲುಗಾರ ಬಂದು, ಓಲೆ ಬಿದ್ದುಹೋಯಿತೇ ಎಂದು ವಿಚಾರಿಸಿದ.

ಹಳೇ ಸೀರೆಗಳನ್ನು ಹರಡಿ ನೋಡಿದರೆ ಒಂದಕ್ಕೂ ಬಣ್ಣವಿಲ್ಲ. ಕೌದಿಗೆ ಹೊಸ ಬಟ್ಟೆ ಕೊಳ್ಳೋಣವೆಂದರೆ ಅತ್ತೆ ಫೋಟೋದೊಳಗಿಂದಲೇ ಗದರಿಯಾರು. ಆಗ ಕಣ್ಣು ಟ್ರಂಕಿನ ಮೇಲೆ ಬಿತ್ತು. ಆಹಾ, ಹಸಿರು, ಕೆಂಪು, ನೇರಳೆ, ಜರಿಯ ಅಂಚು! ಕತ್ತರಿ ಹಸಿದ ಕುರಿಯಂತೆ ಮೇಯಿತು. ಶಾಲುಗಳೆಲ್ಲ ಶಂಕರಪೋಳಿಯ ಆಕಾರದ ತುಂಡುಗಳಾದವು. ನಟ್ಟನಡುವಿಗೆ ಗಂಧದ ಬಣ್ಣ ಬೇಕಿತ್ತು. ಮೊಳೆಗೆ ನೇತುಹಾಕಿದ್ದ ಬಟ್ಟೆಯಂಗಡಿಯ ಚೀಲದಲ್ಲಿ ಅದೂ ಸಿಕ್ಕಿತು, ಮಡಿಕೆ ಬಿಚ್ಚದ್ದು. ಇನ್ನೊಂದು ಸನ್ಮಾನವೆಂದುಕೊಂಡು ಅದನ್ನೂ ಕತ್ತರಿಸಿದಳು. ಮುಗಿದ ಕೌದಿಯನ್ನು ಅದೇ ಚೀಲಕ್ಕೆ ತುರುಕಿ, ಅದೇ ಮೊಳೆಗೆ ನೇತುಹಾಕಿದಳು.

ಆ ಗಂಧದ ಬಣ್ಣದ ಶಾಲು ಮೇಷ್ಟ್ರದಾಗಿರಲಿಲ್ಲ. ಅವರು ಕಾರ್ಯದರ್ಶಿಯಾಗಿದ್ದ ಕನ್ನಡ ಸಂಘದವರು ರಾಜ್ಯೋತ್ಸವದ ಅತಿಥಿಗೆಂದು ತಂದದ್ದು. ಆ ವರ್ಷ, ೨೦೦೨ರಲ್ಲಿ, ರಾಜ್ಯೋತ್ಸವ, ದೀಪಾವಳಿ ಎರಡೂ ಒಂದೇ ವಾರದಲ್ಲಿ ಬಂದಿದ್ದವು ನೋಡಿ!

ರಾಜ್ಯೋತ್ಸವದ ಸಂಜೆ ದ್ರಾಕ್ಷಾಯಣಿ ಮುಂದಿನ ಸಾಲು ಹಿಡಿಯಲು ಮೊದಲೇ ಹೋಗಿದ್ದಳು. ಮೇಷ್ಟ್ರು ಆಮೇಲೆ ಚೀಲ ಎತ್ತಿಕೊಂಡು ಹೊರಟರು. ಭಾರವೆನಿಸಿತು. ಹೆಂಡತಿ ತೆಂಗಿನಕಾಯಿ, ಹಣ್ಣು ಎಲ್ಲ ತುಂಬಿಟ್ಟಿದ್ದಾಳೆಂದು ಹೆಮ್ಮೆಪಟ್ಟರು.

ವೇದಿಕೆಯ ಮೇಲೆ ಹತ್ತಿರದ ಗಂಡಸಿ ಊರಿನ ವಯೋವೃದ್ಧ ಸೋಬಾನೆ ಹಾಡುಗಾರ ದೇವೀರಪ್ಪ ಕಡ್ಡಿಯಂತೆ ಕೂತಿದ್ದರು. ಗಂಡನ ಕೈಯಲ್ಲಿ ಆ ಚೀಲ ಕಂಡದ್ದೇ ದ್ರಾಕ್ಷಾಯಣಿ ಎದ್ದು ನಿಂತಳು. ಹಿಂದಿನವರು ಕಾಣುವುದಿಲ್ಲವೆಂದು ಕೂರಿಸಿದರು. ಅತ್ತ ಮೇಷ್ಟ್ರು ಎಳೆದರು. ಮೊಳ ಬಂತು, ಮಾರು ಬಂತು, ಇನ್ನೂ ಬರುತ್ತಿತ್ತು. "ಈಗ ಶಾಲು ಹೊದಿಸುತ್ತಿದ್ದಾರೆ" ಎಂದ ನಿರೂಪಕ, ಸ್ವಲ್ಪ ಹೊತ್ತು ಬಿಟ್ಟು "ಇನ್ನೂ ಹೊದಿಸುತ್ತಿದ್ದಾರೆ" ಎಂದ. ಕೊನೆಗೆ ದೇವೀರಪ್ಪನವರ ಮೂಗು, ಕನ್ನಡಕ ಬಿಟ್ಟರೆ ಉಳಿದದ್ದೆಲ್ಲ ಹಳೇಬೀಡಾಯಿತು.

ಎದುರಿಗೆ ಕೂತಿದ್ದವರು ಊರಿನ ಸಕಲ ಸಂಘಗಳ ಪದಾಧಿಕಾರಿಗಳು. ಹಾಲಿನ ಸಂಘದ ಕೃಷ್ಣಪ್ಪ ಕಣ್ಣು ಕಿರಿದು ಮಾಡಿದ.

"ಏನ್ಲಾ, ಆ ಹಸಿರು ನಮ್ದಲ್ವೇನ್ಲಾ? ಮೇಷ್ಟ್ರಿಗೆ ನಾವೇ ಹೊದಿಸಿದ್ದು."

"ನೇರಳೆ ನಮ್ದು," ಎಂದ ಪಕ್ಕದ ಕಬಡ್ಡಿ ಸಂಘದವನು. "ಒಂದು ಕಿತ ಒಗೆದಂಗೂ ಕಾಣೆ, ಕತ್ತರಿಸ್ಬುಟ್ಟವ್ರೆ."

ಸಾಲಿನಿಂದ ಸಾಲಿಗೆ ಗುರುತು ಹಿಡಿಯುವ ಸಂಭ್ರಮ ಹಬ್ಬಿತು. ಭಾಷಣ ಕೇಳುವವರೇ ಇರಲಿಲ್ಲ. ಮರುಳಪ್ಪನವರು ಬೆವರುತ್ತ ಅತಿಥಿಯ ಕಿವಿಯಲ್ಲಿ, ಇದನ್ನು ವಾಪಸು ಕೊಟ್ಟರೆ ನಾಳೆ ಒಳ್ಳೆಯ ಶಾಲನ್ನೇ ಮನೆಗೆ ತಂದುಕೊಡುವುದಾಗಿ ಬೇಡಿಕೊಂಡರು. ದೇವೀರಪ್ಪ ಇನ್ನಷ್ಟು ಮುದುಡಿ ಕೂತರು.

"ಬ್ಯಾಡ ಬುಡಿ ಮೇಷ್ಟ್ರೇ. ಶಾಲು ಮನೇಲಿ ಬೇಕಾದಷ್ಟು ಐತೆ. ಹೊದ್ಕಂಡ್ರೆ ಬೆಚ್ಚಗಾಗಿದ್ದು ಇದೊಂದೇಯ."

ಹಾಗೇ ಹೊದ್ದುಕೊಂಡು ಗಂಡಸಿಯ ಬಸ್ಸು ಹತ್ತಿಯೇಬಿಟ್ಟರು.

"ರೀ, ನನ್ನ ನಕ್ಷತ್ರ ಹೊರಟೇ ಹೋಯ್ತಲ್ರೀ," ಎಂದಳು ದ್ರಾಕ್ಷಾಯಣಿ, ಮನೆಯ ಹಾದಿಯಲ್ಲಿ.

"ನನ್ನ ಮಾನವೂ ಅದೇ ಬಸ್ಸಿಗೆ ಹೋಯ್ತು ಕಣೇ. ಜೊತೆಗಿರುತ್ತೆ ಬಿಡು."

ದೀಪಾವಳಿಯ ದಿನ ಆಕೆ ಬರಿಗೈಯಲ್ಲಿ ಹೋಗಿ ಸಮಾಜದ ಕೊನೆಯ ಸಾಲಿನಲ್ಲಿ ಕೂತಳು. ಸಮಾಜದ ಅಧ್ಯಕ್ಷೆ ಜಾನಕಮ್ಮ ಮೈಕು ಹಿಡಿದು, ದ್ರಾಕ್ಷಾಯಣಿಯವರ ಕೌದಿಯನ್ನು ಈಗಾಗಲೇ ಇಡೀ ಊರು ನೋಡಿರುವುದರಿಂದ ಅದು ಸ್ಪರ್ಧೆಗೆ ಬರುವ ಅಗತ್ಯವೇ ಇಲ್ಲವೆಂದೂ, ಮೊದಲ ಬಹುಮಾನ ಅದಕ್ಕೇ ಎಂದೂ ಸಾರಿದರು. ಚಪ್ಪಾಳೆಯೋ ಚಪ್ಪಾಳೆ! ದ್ರಾಕ್ಷಾಯಣಿ ವೇದಿಕೆ ಹತ್ತಿದ್ದು ಮೆಟ್ಟಿಲ ಮೇಲೋ ಗಾಳಿಯ ಮೇಲೋ ಆಕೆಗೇ ತಿಳಿಯದು. ಎಷ್ಟೋ ವರ್ಷಗಳಿಂದ ಕಾದಿದ್ದ ಕ್ಷಣ. ಶಾಲಿಗೆಂದು ಕತ್ತು ಬಗ್ಗಿಸಿ, ಕಣ್ಣು ಮುಚ್ಚಿ ನಿಂತಳು.

ಹೆಗಲ ಮೇಲೆ ಏನೂ ಬೀಳಲಿಲ್ಲ. ಕಣ್ಣು ತೆರೆದರೆ ಎದುರಿಗೆ ಬೆಳ್ಳಿಯ ತಟ್ಟೆ. ತಟ್ಟೆಯಲ್ಲಿ ಹೊಸ ಕೆಂಪು ಶಾಲು, ಶಂಕರಪೋಳಿಯ ಆಕಾರದಲ್ಲಿ ಒಪ್ಪವಾಗಿ ತುಂಡು ತುಂಡಾಗಿ.

"ಹೇಗಿದ್ರೂ ಮನೆಗೆ ಹೋಗಿ ಕತ್ತರಿಸ್ತೀರಲ್ಲ ದ್ರಾಕ್ಷಾಯಣಿ," ಎಂದರು ಜಾನಕಮ್ಮ. "ನಿಮಗ್ಯಾಕೆ ಶ್ರಮ ಅಂತ ನಾವೇ ಮಾಡಿ ತಂದ್ವಿ. ಅಳತೆ ಸರಿ ಇದೆಯಾ ನೋಡ್ಕೊಳಿ."

ದ್ರಾಕ್ಷಾಯಣಿ ಬಗ್ಗಿಸಿದ ಕತ್ತನ್ನು ಎತ್ತುವ ಗೋಜಿಗೇ ಹೋಗಲಿಲ್ಲ.