ನೀರು ಗೊತ್ತಿಲ್ಲದ ವಿದ್ಯಾರ್ಥಿಗಳು

ಎಡವಟ್ಟಾದದ್ದು 'ಏನೇನೂ' ಎಂಬ ಒಂದು ಮಾತಿನಿಂದ.

ರಸಾಯನಶಾಸ್ತ್ರದ ಪದವಿ ಮುಗಿಸಿದ ಅವನು ದೂರದೇಶದ ಹಳ್ಳಿಶಾಲೆಯೊಂದರಲ್ಲಿ ವರ್ಷವಿಡೀ ಸಂಬಳವಿಲ್ಲದೆ ವಿಜ್ಞಾನ ಕಲಿಸಲು ಹೊರಟಿದ್ದ. ಪೆಟ್ಟಿಗೆ ಕಟ್ಟಿಯಾಗಿತ್ತು. ನೆಂಟರಿಗೆಲ್ಲ ಹೇಳಿಯಾಗಿತ್ತು. ಕಟ್ಟಡದವರು ಆಗಲೇ 'ಮೇಷ್ಟ್ರೇ' ಎನ್ನುತ್ತಿದ್ದರು. ಬಾಕಿಯಿದ್ದದ್ದು ಇಂದಿನ ಸಂಜೆ ಮಾತ್ರ. ಅವನನ್ನು ಕಳಿಸಬೇಕಾದ ಸಂಸ್ಥೆಯ ಆಯ್ಕೆಗಾರ್ತಿ ವಿಡಿಯೊ ಕರೆಯಲ್ಲಿ ಅವನ ಪಾಠ ನೋಡುವವರಿದ್ದರು. ಅವರು ಒಪ್ಪಿದರೆ ವಿಮಾನ, ಇಲ್ಲವಾದರೆ ಚಿಕ್ಕಪ್ಪನ ಬಣ್ಣದ ಅಂಗಡಿ. ಷರತ್ತು ಒಂದೇ: ಎದುರಿಗೆ ವಿದ್ಯಾರ್ಥಿಗಳಿರಬೇಕು, ಪಾಠ ಅವರಿಗೆ ಹೊಸದಾಗಿರಬೇಕು.

ಕಟ್ಟಡದ ಮಕ್ಕಳೆಲ್ಲ ಶಾಲೆಯ ಪ್ರವಾಸಕ್ಕೆ ಹೋಗಿದ್ದರು. ಅಮ್ಮ ಬೆಳಿಗ್ಗೆಯೇ ದೊಡ್ಡವರನ್ನು ಹಿಡಿದು ತಂದಳು: ಮೇಲಿನ ಮನೆಯ ನಿವೃತ್ತ ಬ್ಯಾಂಕ್ ಮಾಮ, ಕೆಳಗಿನ ಅಂಗಡಿಯ ದರ್ಜಿ, ಮತ್ತು ಕರೆಯದಿದ್ದರೂ ಬರುವ ಎದುರುಮನೆ ಅತ್ತೆ.

ತಾಲೀಮಿಗೆಂದು ಅವನು ತಟ್ಟೆಯ ನೀರಿನಲ್ಲಿ ಮೇಣದಬತ್ತಿ ನಿಲ್ಲಿಸಿ, ಹಚ್ಚಿ, ಮೇಲೊಂದು ಗಾಜಿನ ಲೋಟ ಕವುಚಿದ. ಬತ್ತಿ ಆರಿತು. ನೀರು ಲೋಟದೊಳಗೆ ಮೇಲೇರಿತು.

"ಇನ್ನೊಂದ್ಸಲ ಮಾಡೋ!" ಎಂದರು ಅತ್ತೆ, ಇಂದ್ರಜಾಲ ನೋಡಿದವರಂತೆ.

ಒಂದ್ಸಲ ಹೋಗಿ ಹತ್ತು ಸಲವಾಯಿತು. ಮಧ್ಯಾಹ್ನದ ಹೊತ್ತಿಗೆ ಅವನು ಕಡ್ಡಿಪೆಟ್ಟಿಗೆ ಮುಟ್ಟುವ ಮೊದಲೇ ಮೂವರೂ ಮಗ್ಗಿ ಒಪ್ಪಿಸುವಂತೆ ಶುರುಮಾಡಿದರು: "ಬಿಸಿ ಗಾಳಿ ತಣ್ಣಗಾಗಿ ಕುಗ್ಗುತ್ತೆ, ಹೊರಗಿನ ಗಾಳಿ ನೀರನ್ನ ಒಳಕ್ಕೆ ತಳ್ಳುತ್ತೆ!"

ಅವನು ತಲೆ ಮೇಲೆ ಕೈಹೊತ್ತು ಕೂತ. "ನಾನು ಪ್ರಶ್ನೇನೇ ಕೇಳಿಲ್ಲ! ದಮ್ಮಯ್ಯ, ಸಂಜೆ ನಿಮಗೆ ಗೊತ್ತಿಲ್ಲದ ಹಾಗೆ ಇರಿ."

"ಏನು ಗೊತ್ತಿಲ್ಲದ ಹಾಗೆ?" ಮಾಮನಿಗೆ ಎಲ್ಲವೂ ಖಚಿತವಾಗಬೇಕು.

"ಏನೇನೂ!"

ಸಂಜೆ ಪರದೆಯ ಮೇಲೆ ಆಯ್ಕೆಗಾರ್ತಿಯ ನಗುಮುಖ ಮೂಡಿತು. ಅವನು ಆರಂಭಿಸಿದ. "ಈ ತಟ್ಟೇಲಿ ನೀರಿದೆ."

ಮಾಮ ಕೈಯೆತ್ತಿದರು. "ಮೇಷ್ಟ್ರೇ, ನೀರು ಅಂದ್ರೆ ಏನು?"

ಅವನು ತಟ್ಟೆಯತ್ತ ಬೆರಳು ತೋರಿಸಿದ. "ಅದೇ... ನೀವು ದಿನಾ ಕುಡೀತೀರಲ್ಲ, ಅದು."

"ನಾವು ಕುಡೀತೀವಾ?" ದರ್ಜಿ ಅತ್ತೆಯ ಕಡೆ ತಿರುಗಿದ.

"ನಂಗಂತೂ ನೆನಪಿಲ್ಲಪ್ಪ," ಎಂದರು ಅತ್ತೆ.

ಕಡ್ಡಿ ಗೀರಿದ್ದೇ ತಡ, ಅತ್ತೆ ಕಿಟಾರನೆ ಕಿರುಚಿದರು. "ಅಯ್ಯಯ್ಯೋ, ಕಡ್ಡಿ ತುದೀಲಿ ಹಳದಿ ಹಳದಿ ಅದೇನು ಕುಣೀತಿದೆ!" ಮಾಮ ಮೇಜಿನಡಿ ನುಸುಳಿದರು. ದಿನವೆಲ್ಲ ಇಸ್ತ್ರಿ ಹಿಡಿಯುವ ದರ್ಜಿ ತಾನೇನು ಕಡಿಮೆಯೆಂದು ಉರಿಗೇ ಬೆರಳಿಟ್ಟ. ಆಮೇಲೆ ಅವನು ಹಾಕಿದ ಕೂಗು ಮಾತ್ರ ನಟನೆಯಲ್ಲ. ಕೈ ಒದರಿದ ರಭಸಕ್ಕೆ ತಟ್ಟೆ ಮಗುಚಿ, ನೀರೆಲ್ಲ ಮೇಜಿನಡಿಯಿಂದ ಇಣುಕುತ್ತಿದ್ದ ಮಾಮನ ಬೋಳುತಲೆಗೆ ಸುರಿಯಿತು.

"ಓಹೋ, ಇದೇನಾ ನೀರು!" ಎಂದಿತು ಮೇಜಿನ ಅಡಿಯ ದನಿ.

ಬಾಗಿಲ ಸಂದಿಯಲ್ಲಿ ಅಮ್ಮ ಹೆಮ್ಮೆಯಿಂದ ತಲೆದೂಗುತ್ತಿದ್ದಳು.

ಆಯ್ಕೆಗಾರ್ತಿ ಕಣ್ಣೊರೆಸಿಕೊಂಡರು. "ಇಷ್ಟು ವರ್ಷದಲ್ಲಿ ಇಂಥ ಕ್ಲಾಸು ನೋಡಿರ್ಲಿಲ್ಲ. ನಿಮ್ಮ ತಾಳ್ಮೆ ದೊಡ್ಡದು."

ಅವನ ಎದೆಯಲ್ಲಿ ವಿಮಾನ ಮೇಲೇರಿತು.

"ಆದ್ರೆ, ನೀರು ಬೆಂಕಿ ಗೊತ್ತಿಲ್ಲದ ಇವರನ್ನ ಹೀಗೇ ಬಿಟ್ಟು ನಿಮ್ಮನ್ನ ಇಲ್ಲಿಗೆ ಕರೆಸ್ಕೊಂಡ್ರೆ ಪಾಪ ಅಲ್ವಾ? ಇಲ್ಲಿನ ಹಳ್ಳಿ ಮಕ್ಕಳು ಎಷ್ಟೋ ಮುಂದಿದಾರೆ. ಅವರಿಗೆ ಕಲಿಸಿದ ಹಿರಿಯ ಮೇಷ್ಟ್ರನ್ನೇ ನಿಮ್ಮಲ್ಲಿಗೆ ಕಳಿಸ್ತೀವಿ. ವರ್ಷ ಪೂರ್ತಿ ಇರ್ತಾರೆ."

ಅವನು ಬಾಯಿ ತೆರೆದ. ಎಲ್ಲ ನಟನೆ ಎಂದು ಹೇಳಿದರೆ ತಾನೇ ಮೋಸಗಾರನಾಗುತ್ತಾನೆ. ಬಾಯಿ ಮುಚ್ಚಿದ.

"ಅವರಿಗೆ ಉಳ್ಕೊಳ್ಳೋಕೆ ಜಾಗ ಇದೆಯಾ?" ಎಂದು ಕೇಳಿದರು ಆಯ್ಕೆಗಾರ್ತಿ.

"ಇವನ ಕೋಣೆ ಹೇಗೂ ಖಾಲಿ ಆಗ್ತಿತ್ತಲ್ಲ, ಕಳಿಸಿ ತಾಯಿ!" ಎಂದಳು ಅಮ್ಮ, ಬಾಗಿಲಿನಿಂದಲೇ.

ಮಾಮ ಮೇಜಿನಡಿಯಿಂದ ಹೊರಬಂದು ತಲೆ ಒರೆಸಿಕೊಂಡರು. "ಏನಯ್ಯಾ, ಪಾಸಾದ್ವಾ?"

ಪೆಟ್ಟಿಗೆ ಕಟ್ಟಿಯೇ ಇತ್ತು. ಅವನು ಅದನ್ನು ಎತ್ತಿಕೊಂಡು, ತನ್ನ ಕೋಣೆಯಿಂದ ನಡುಮನೆಯವರೆಗೆ ಪ್ರಯಾಣ ಮಾಡಿದ.