ನಮ್ಮ ಮನೆಯಾಕೆಯ ಕೊರಳು ಸೇರಿದ ಕುರಿಯವರಿಗೆ

ಔರಾದ ಶಹಾಜನಿ, ತಾಲೂಕು ನಿಲಂಗಾ
ಮುಂಬಯಿ ರಾಜ್ಯ, ೧೯೫೭

ಕುರಿಗಾಹಿ ಧೂಳಪ್ಪನ ಹಿಂಡಿಗೆ ಹಿರಿಯರೂ, ಸಮಸ್ತ ಕುರಿಕುಲಕ್ಕೆ ಪ್ರತಿನಿಧಿಗಳೂ, ಬಿಸಿಲು ಮಳೆ ಎನ್ನದೆ ಒಂದೇ ಅಂಗಿಯಲ್ಲಿ ಗೌರವ ಕಾಪಾಡಿಕೊಂಡು ಬಂದವರೂ ಆದ ಮಾನ್ಯ ಟಗರು ಮಹಾಶಯರ ನಾಲ್ಕೂ ಪಾದಗಳಿಗೆ ಇದೇ ಊರ ಕಿರಾಣಿ ವ್ಯಾಪಾರಿ ವಿಶ್ವನಾಥಪ್ಪನ ಶರಣು ಶರಣಾರ್ಥಿಗಳು.

ಮಾನ್ಯರೇ, ನಿಜಾಮ ಸರ್ಕಾರವಿದ್ದಾಗ ನಾವು ಅರ್ಜಿಯನ್ನು ಉರ್ದುವಿನಲ್ಲಿ ಬರೆಸುತ್ತಿದ್ದೆವು, ಪೊಲೀಸ್ ಕಾರ್ಯಾಚರಣೆ ಆದ ಮೇಲೆ ಕೆಲವು ಕಾಲ ಯಾವ ಭಾಷೆಯಲ್ಲಿ ಬರೆದರೂ ಓದುವವರಿರಲಿಲ್ಲ, ಈಗ ಹೋದ ವರ್ಷದಿಂದ ಮುಂಬಯಿಯವರಾಗಿ ಮರಾಠಿಯಲ್ಲಿ ಬರೆಸುತ್ತೇವೆ. ತಮ್ಮ ಕಚೇರಿಯ ಭಾಷೆ ಯಾವುದೆಂದು ಮಾತ್ರ ಸರ್ಕಾರ ಇನ್ನೂ ಹೇಳಿಲ್ಲ. ತಾವಾದರೋ ಬೆಳಿಗ್ಗೆ ಹೋಗಿ ಮೈಸೂರು ರಾಜ್ಯದಲ್ಲಿ ಮೇಯ್ದು, ಸಂಜೆ ಮುಂಬಯಿ ರಾಜ್ಯಕ್ಕೆ ಬಂದು ಹಿಕ್ಕೆ ಹಾಕಿ, ಎರಡೂ ಸರ್ಕಾರಗಳನ್ನು ಸರಿಸಮಾನವಾಗಿ ಕಾಣುವ ಗಣ್ಯರು. ಆದ್ದರಿಂದ ನಮ್ಮ ಮನೆಯೊಳಗಿನ ಕನ್ನಡ ತಮಗೂ ತಿಳಿದೀತೆಂದು ಧೈರ್ಯ ಮಾಡಿದ್ದೇನೆ.

ದೂರು ನನ್ನ ಹೆಂಡತಿ ಕುಸುಮಬಾಯಿಯ ಕೊರಳಿಗೆ ಸಂಬಂಧಪಟ್ಟದ್ದು. ಅಂಗಡಿಯ ಹಲಗೆಯ ಮೇಲೆ ನನ್ನ ಹೆಸರಿದ್ದರೂ ಅಂಗಡಿ ನಡೆಯುವುದು ಆಕೆಯ ಬಾಯಿಂದ ಎಂಬುದು ಊರಿಗೇ ಗೊತ್ತಿರುವ ಸಂಗತಿ. ಅಂಥ ಬಾಯಿ ಕೆಲವು ವರ್ಷಗಳ ಹಿಂದೆ ಮೆಲ್ಲಗೆ ಮುಚ್ಚತೊಡಗಿತು. ಮುಖ ಊದಿತು, ದನಿ ಒಡೆಯಿತು, ಕೂದಲು ಉದುರಿತು, ವೈಶಾಖದ ಬಿಸಿಲಿನಲ್ಲಿ ಆಕೆ ಕಂಬಳಿ ಹೊದ್ದು ತೂಕಡಿಸುತ್ತ ಕೂತಳು. ಮನೆ ಶಾಂತವಾಯಿತೆಂದು ನೆರೆಹೊರೆಯವರು ನನ್ನನ್ನು ಅಭಿನಂದಿಸಿದರು. ಆದರೆ ಒಂದು ದಿನ ಗಿರಾಕಿ ಕೇಳಿದ ದರಕ್ಕೇ ತೊಗರಿಬೇಳೆ ತೂಗಿಕೊಟ್ಟದ್ದಲ್ಲದೆ, "ಇನ್ನೊಂದೀಟು ಹಾಕಲೇನ್ರೀ?" ಎಂದು ಆಕೆಯೇ ಕೇಳಿದ್ದನ್ನು ನಾನು ಕಣ್ಣಾರೆ ಕಂಡೆ. ಇದು ಸಾಮಾನ್ಯ ರೋಗವಲ್ಲ ಎಂದು ಅವತ್ತೇ ತಿಳಿಯಿತು.

ಔಷಧವೆಂದರೆ ಗಿಡದಿಂದಲೇ ಬರಬೇಕೆಂಬುದು ನಮ್ಮ ಲಿಂಗವಂತರ ಮನೆಯ ನಂಬಿಕೆ. ವೈದ್ಯ ಗುರುಲಿಂಗಪ್ಪನವರು ಕಾಂಚನಾರದ ತೊಗಟೆಯ ಕಷಾಯ ಕಾಯಿಸಿದರು, ಅಶ್ವಗಂಧದ ಪುಡಿ ಕೊಟ್ಟರು, ಶತಾವರಿಯ ಲೇಹ್ಯ ತಿನ್ನಿಸಿದರು. ಮೂಲಿಕೆಗಳನ್ನು ನಾನು ನಿಂದಿಸುವವನಲ್ಲ. ಅವು ಕೆಲಸ ಮಾಡಿದವು. ಮಿಕ್ಕ ಕಷಾಯವನ್ನು ಚೆಲ್ಲಬಾರದೆಂದು ಕುಡಿದ ನನ್ನ ಹೊಟ್ಟೆ ಹಗುರವಾಯಿತು, ಮಿಕ್ಕ ಲೇಹ್ಯ ತಿಂದು ನನ್ನ ಮೈ ತುಂಬಿಕೊಂಡಿತು, ಬೋಗುಣಿ ನೆಕ್ಕಿದ ಬೆಕ್ಕಿನ ಕೂದಲಿಗೆ ಹೊಳಪು ಬಂತು. ಮನೆಯಲ್ಲಿ ಗುಣವಾಗದೆ ಉಳಿದದ್ದು ಕುಸುಮಬಾಯಿ ಒಬ್ಬಳೇ.

ಕೊನೆಗೆ ಉದಗೀರದ ಹೊಸ ಡಾಕ್ಟರರು ಆಕೆಯ ಕೊರಳು ಮುಟ್ಟಿ ನೋಡಿ, ಅಲ್ಲೊಂದು ಗ್ರಂಥಿ ಇರುತ್ತದೆಂದೂ, ಅದು ಕೆಲಸ ಬಿಟ್ಟು ಮಲಗಿದೆಯೆಂದೂ, ಅದರ ಬದಲಿ ನೌಕರನೆಂದು ಈ ಸಣ್ಣ ಗುಳಿಗೆಯನ್ನು ಜೀವವಿರುವ ತನಕ ನುಂಗಬೇಕೆಂದೂ ಹೇಳಿ ಒಂದು ಸೀಸೆ ಕೊಟ್ಟರು. ಕೆಲವು ವಾರಗಳಲ್ಲಿ ಕಂಬಳಿ ಜಾರಿತು, ಮುಖ ಇಳಿಯಿತು. ಒಂದು ಮಧ್ಯಾಹ್ನ ನಾನು ಬೆಲ್ಲ ತೂಗುತ್ತಿದ್ದಾಗ ಬೆನ್ನ ಹಿಂದಿನಿಂದ, "ಏನ್ರೀ, ತಕ್ಕಡಿ ಹಿಡಿಯೂದು ಯಾವಾಗ ಕಲೀತೀರಿ? ತಲಿ ಬೆಳ್ಳಗಾಗ್ಯಾದ, ಬುದ್ಧಿ ಇನ್ನಾ ಹಸಿರೇ ಅದ!" ಎಂಬ ಮಾತು ಕೇಳಿತು. ಗಿರಾಕಿಗಳ ಎದುರಿಗೇ ನನ್ನ ಕಣ್ಣಲ್ಲಿ ನೀರು ಬಂತು, ಮಾನ್ಯರೇ. ಇಷ್ಟು ಚಂದದ ಬೈಗುಳ ಕೇಳಿ ಎಷ್ಟು ಕಾಲವಾಗಿತ್ತು!

ಅಷ್ಟಕ್ಕೇ ಬಿಟ್ಟಿದ್ದರೆ ತಮಗೆ ಈ ತೊಂದರೆ ಇರುತ್ತಿರಲಿಲ್ಲ. ಆದರೆ ಗುಣವಾದ ಕುಸುಮಬಾಯಿ ಸುಮ್ಮನಿರುವವಳಲ್ಲ. ಮುಂದಿನ ಸಲ ಉದಗೀರಕ್ಕೆ ಹೋದಾಗ, "ಡಾಕ್ಟರ ಸಾಹೇಬ್ರ, ಈ ಗುಳಿಗಿ ಯಾವ ಗಿಡದ್ದರೀ? ಬೀಜ ಎಲ್ಲಿ ಸಿಗತಾವ ಹೇಳ್ರಿ, ಗುಂಜೋಟ್ಯಾಗ ನನ್ನ ತಮ್ಮನ ಹೊಲದಾಗ ಈ ಸಲ ಇದನ್ನೇ ಬಿತ್ತಿಸತೀನಿ" ಎಂದು ವ್ಯಾಪಾರಕ್ಕೇ ಇಳಿದಳು. ಆ ಪುಣ್ಯಾತ್ಮರು ನಕ್ಕು, "ಬಾಯೀ, ಇದು ಹೊಲದಾಗ ಬೆಳೆಯೂದಲ್ಲ, ಹೊಲದಾಗ ಮೇಯೂದು. ಕುರಿ ಕೊರಳಾಗಿನ ಗ್ರಂಥಿ ಒಣಗಿಸಿ ಮಾಡತಾರ" ಎಂದುಬಿಟ್ಟರು. ತಮ್ಮ ಪರಿಚಯ ನಮಗಾದದ್ದು ಹೀಗೆ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಆಕೆ ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತಲೇ ಇದ್ದಳು. ಮನೆಗೆ ಬಂದು ತಲೆಯ ಮೇಲೆ ನೀರು ಸುರಿದುಕೊಂಡು, ಸೀಸೆಯನ್ನು ದನದ ಕೊಟ್ಟಿಗೆಯ ಗೋಡೆಯ ಮಾಡಿನಲ್ಲಿಟ್ಟು, "ಸತ್ತರ ಸಾಯ್ತೀನಿ, ಕುರಿ ತಿಂದು ಬದಕೂದು ಬ್ಯಾಡ" ಎಂದಳು. ಗುರುಲಿಂಗಪ್ಪನವರು ಸುದ್ದಿ ತಿಳಿದು ಓಡಿಬಂದು, ಕುರಿ ಮೇಯುವುದು ಗುಡ್ಡದ ಮೂಲಿಕೆಯನ್ನೇ, ಆದ್ದರಿಂದ ಗುಳಿಗೆಯೂ ಮೂಲಿಕೆಯೇ, ಕುರಿಯ ಮನೆಯಲ್ಲಿ ನಾಲ್ಕು ದಿನ ವಸ್ತಿ ಮಾಡಿ ಬಂದಿದೆ ಅಷ್ಟೇ, ಹೀಗಾಗಿ ಗುಣವಾದದ್ದರ ಕೀರ್ತಿ ವೈದ್ಯರಾದ ತಮಗೇ ಸಲ್ಲಬೇಕು ಎಂದು ವಾದಿಸಿದರು. "ಹಂಗಾದ್ರ ನಾಳಿಂದ ಮಾಂಸಾನೂ ಹುಲ್ಲೇ ಅಂತ ಉಣಬೇಕೇನ್ರೀ ಅಪ್ಪಾರ?" ಎಂದು ಕೇಳಿದಳು ಕುಸುಮಬಾಯಿ. ಅದೇ ಆಕೆಯ ಕೊನೆಯ ಚುರುಕು ಮಾತು. ಆಮೇಲೆ ದಿನದಿನಕ್ಕೆ ಮತ್ತೆ ಮುಖ ಊದುತ್ತ ಬಂತು, ಕಂಬಳಿ ಹೊರಬಂತು. ತಮ್ಮ ಹೊರಗಿನ ಉಣ್ಣೆಗೆ ಹೋಗದ ಆ ಚಳಿ ತಮ್ಮ ಒಳಗಿನ ಗ್ರಂಥಿಗೆ ಮಾತ್ರ ಹೋಗುತ್ತದೆಂಬುದು ನನಗೆ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ನಾನು ಕೈಮುಗಿದೆ, ಸಿಟ್ಟುಮಾಡಿದೆ, ಉಪವಾಸ ಕೂತೆ. ಆಕೆಯನ್ನು ಕಳೆದುಕೊಳ್ಳುವ ಭಯ ನನ್ನನ್ನು ತಿಂದುಹಾಕುತ್ತಿತ್ತು.

ನಮ್ಮಲ್ಲಿ ಏನನ್ನೇ ಬಾಯಿಗಿಡುವ ಮುಂಚೆ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಅದಕ್ಕೆ ಅರ್ಪಿಸಬೇಕು. ದೇವರು ಉಂಡ ಮೇಲೆ ನಮ್ಮ ಊಟ. ಒಂದು ಬೆಳಿಗ್ಗೆ ಪೂಜೆಗೆ ಕೂತ ಕುಸುಮಬಾಯಿ ಲಿಂಗವನ್ನು ನೋಡುತ್ತ ಬಹಳ ಹೊತ್ತು ಕೂತಳು. ಮತ್ತೆ ನಿದ್ದೆ ಹತ್ತಿತೇನೋ ಎಂದು ನಾನು ಹತ್ತಿರ ಹೋದೆ. ಆಕೆ ತಲೆಯೆತ್ತಿ, "ದಿನಾ ಇವಗ ತೋರಿಸೇ ಗುಳಿಗಿ ನುಂಗೀನಿ. ಮೊದಲ ಇಂವ ಉಂಡಾನ, ಆಮ್ಯಾಲ ನಾ ಉಂಡೀನಿ. ಇಂವ ಒಂದಿನಾನೂ ಬ್ಯಾಡ ಅಂದಿಲ್ಲ. ಇವಗಿಲ್ಲದ ಮಡಿ ನನಗ್ಯಾಕ? ಸೀಸಿ ತರ್ರಿ" ಎಂದಳು. ನಾನು ಕೊಟ್ಟಿಗೆಗೆ ಓಡಿದ ಓಟವನ್ನು ನಮ್ಮ ಎಮ್ಮೆ ಇನ್ನೂ ಮರೆತಿಲ್ಲ. ಗುಳಿಗೆ ನುಂಗಿ ನೀರು ಕುಡಿದ ಮೇಲೆ ಆಕೆ ಮಾತು ಮುಗಿಸಿದಳು: "ಆದರ ಪಾಪ ಅಂದ್ರ ಪಾಪೇ. ಯಾರರೇ ಹೊರಬೇಕಲ್ಲ. ಗುಳಿಗಿ ನಾ ತಗೋತೀನಿ, ಪಾಪ ನೀವು ತಗೋರಿ."

ಆ ಪಾಪದ ಪರಿಹಾರಕ್ಕೆಂದೇ, ಮಾನ್ಯರೇ, ನಾನು ಪ್ರತಿ ಸಂತೆಯ ದಿನ ಮಡಿ ಧೋತರ ಉಟ್ಟು, ಬಜಾರದ ನಟ್ಟನಡುವೆ ನಿಂತು, ತಮಗೆ ಕೈಯಾರೆ ಹಸಿ ಮೇವು ತಿನ್ನಿಸಿ, ಎಲ್ಲರೂ ನೋಡುತ್ತಿರುವಂತೆ ಕೈಮುಗಿಯುತ್ತಿರುವುದು. "ಸಾವಕಾರ ಕುರಿ ಮಠದ ಶಿಷ್ಯ ಆಗ್ಯಾನ" ಎಂದು ಜನ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಆದರೆ ತಾವು? ಮೇವು ತಿಂದ ಬಾಯಲ್ಲೇ ನನ್ನ ಧೋತರದ ಚುಂಗನ್ನೂ ತಿಂದಿರಿ, ಕೈಮುಗಿದಾಗ ಮುಖಕ್ಕೆ ಸೀನಿದಿರಿ, ತಿರುಗಿ ಹೊರಟವನ ಹಿಂಭಾಗಕ್ಕೆ ಗುದ್ದಿ ಮೆಣಸಿನಕಾಯಿ ರಾಶಿಯ ಮೇಲೆ ಕೆಡವಿದಿರಿ. ಉಪಕಾರ ಮಾಡಿದವರಿಗೆ ಇಷ್ಟು ಅಧಿಕಾರ ಇರಬಹುದು, ಇಲ್ಲವೆನ್ನಲಾರೆ.

ಆದ್ದರಿಂದ ತಮ್ಮಲ್ಲಿ ವಿನಂತಿ ಏನೆಂದರೆ, ಆ ಗ್ರಂಥಿಯನ್ನು ಕೊರಳೊಳಗೆ ಬಚ್ಚಿಡದೆ ಉಣ್ಣೆಯ ಹಾಗೆ ಮೈಮೇಲೆ ಬೆಳೆಸಬೇಕು. ವರ್ಷಕ್ಕೊಮ್ಮೆ ಕತ್ತರಿಸಿಕೊಂಡರೆ ತಮ್ಮ ಜೀವವೂ ಉಳಿಯಿತು, ನನ್ನ ತಲೆಯ ಮೇಲಿನ ಪಾಪವೂ ಇಳಿಯಿತು. ಅದಾಗದಿದ್ದರೆ ಆ ವಿದ್ಯೆಯನ್ನು ಯಾವುದಾದರೂ ಗಿಡಕ್ಕೆ ಹೇಳಿಕೊಡಿ, ತಾವು ದಿನವೂ ಅವುಗಳ ಜೊತೆಯಲ್ಲೇ ಇರುವವರು. ಅದೂ ಆಗದಿದ್ದರೆ ತಮ್ಮ ಕುಲದವರೆಲ್ಲ ಲಿಂಗದೀಕ್ಷೆಯನ್ನಾದರೂ ಪಡೆಯಬೇಕು. ಲಿಂಗ ಇಡುವ ಕರಡಿಗೆಯ ಖರ್ಚು ನನ್ನದು. ಯಾವುದೂ ಆಗದಿದ್ದರೆ ಗುದ್ದಿರಿ, ಇನ್ನೂ ನಾಲ್ಕು ಗುದ್ದಿರಿ. ಆಕೆ ಮನೆಯಲ್ಲಿ ಜೋರಾಗಿ ಮಾತಾಡಿಕೊಂಡಿರುವ ತನಕ ನಾನು ಸಂತೆಗೆ ಬರುವುದನ್ನು ಬಿಡುವುದಿಲ್ಲ.

ಮೆಣಸಿನಕಾಯಿಯ ಉರಿ ಆರದಿದ್ದರೂ ಪ್ರೀತಿ ಆರದ, ತಮ್ಮ ವಿಶ್ವಾಸಿ,
ವಿಶ್ವನಾಥಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮುಂಚೆ ಇದನ್ನು ಕುಸುಮಬಾಯಿಗೆ ಓದಿ ಹೇಳಬೇಕಾಯಿತು. ಆಕೆ ಪೂರ್ತಿ ಕೇಳಿ ಅಂದದ್ದಿಷ್ಟು: "ಕುರಿಗಿ ಇಷ್ಟುದ್ದ ಪತ್ರ ಬರದೀರಿ. ಲಗ್ನ ಆದಾಗಿನಿಂದ ನಾ ಎಷ್ಟ ಸಲ ತವರಮನಿಗಿ ಹೋಗೀನಿ, ಒಮ್ಮ್ಯಾರೆ ನನಗ ಒಂದು ಕಾರ್ಡ್ ಹಾಕೀರೇನು?" ಇದಕ್ಕೆ ಉತ್ತರ ತಮಗೆ ಹೊಳೆದರೆ ಬೇಗ ತಿಳಿಸಬೇಕು. ಆಕೆ ಇನ್ನೂ ಇಲ್ಲೇ ನಿಂತಿದ್ದಾಳೆ.